ಹೆಂಗಸರಿಗೆ ಯಾಕ್ರೀ ಯೋಗ?

ಕಳೆದ ವಾರ ದೀಪ ಹಚ್ಚಲು ದೇವರ ಮುಂದೆ ಕೂತ ನಮ್ಮತ್ತೆ ಮತ್ತೆ ಏಳಲಿಲ್ಲ.

ಗಾಬರಿಯಾಗಬೇಡಿ, ಅತ್ತೆ ಇದ್ದಾರೆ. ಏಳಲಿಲ್ಲ ಎಂದರೆ ಏಳಲಾಗಲಿಲ್ಲ, ಅಷ್ಟೇ. ಮಂಡಿ ಹಿಡಿದುಕೊಂಡುಬಿಟ್ಟಿತ್ತು. ನಾನೂ ನಮ್ಮ ಯಜಮಾನರೂ ಆಚೀಚೆ ತೋಳು ಹಿಡಿದು ಎಬ್ಬಿಸಿದೆವು. ನಿಂತವರು ಹೆಜ್ಜೆ ಇಡುವಷ್ಟರಲ್ಲಿ ವಾಲಿ ಗೋಡೆ ಹಿಡಿದರು.

ಡಾಕ್ಟರು ನೋಡಿ, "ಮೂಳೆ ಚೆನ್ನಾಗಿದೆ. ಕೀಲು ಬಿಗಿದಿದೆ, ಬ್ಯಾಲೆನ್ಸ್ ತಪ್ತಿದೆ. ನಿಧಾನವಾಗಿ ಯೋಗ ಕಲೀರಿ. ಹೀಗೇ ಬಿಟ್ರೆ ನಾಳೆ ಬಚ್ಚಲಲ್ಲಿ ಬೀಳ್ತೀರಿ" ಎಂದರು.

ಯೋಗಕ್ಕೆ ದೂರ ಹೋಗಬೇಕಿರಲಿಲ್ಲ. ಇಲ್ಲೇ ಆರ್.ಟಿ. ನಗರದಲ್ಲಿ, ನಮ್ಮ ಹಿಂದಿನ ರಸ್ತೆಯ ಬಡಾವಣೆ ಸಂಘದ ಹಾಲ್‌ನಲ್ಲಿ ಬೆಳಿಗ್ಗೆ ಕ್ಲಾಸ್ ನಡೆಯುತ್ತದೆ. ರಿಟೈರ್ ಆದಾಗಿನಿಂದ ನಮ್ಮ ಮಾವ ಹೋಗುವುದೂ ಅಲ್ಲಿಗೇ. (ವಾಪಸ್ ಬಂದವರೇ ಕಾಲು ಚಾಚಿ "ಕಾಫಿ" ಎನ್ನುತ್ತಾರೆ. ಬಗ್ಗಿ ಕಾಲ್ಬೆರಳು ಮುಟ್ಟುವ ಮನುಷ್ಯ, ತಮ್ಮ ಒದ್ದೆ ಟವೆಲ್ ಎತ್ತಿಕೊಳ್ಳಲು ಮಾತ್ರ ಬಗ್ಗುವುದಿಲ್ಲ.)

ಮರುದಿನವೇ ಅತ್ತೆಯನ್ನು ಕರೆದುಕೊಂಡು ಹೋದೆ. ಬಾಗಿಲಲ್ಲೇ ಸಂಘದ ಕಾರ್ಯದರ್ಶಿ ತಡೆದರು.

"ಇದು ಹಿರಿಯರಿಗೆ ಕಣಮ್ಮ."

"ಇವರೂ ಹಿರಿಯರೇ ಸಾರ್, ಅರವತ್ತು ದಾಟಿದೆ."

"ಅಯ್ಯೋ, ಹೆಂಗಸರಿಗೆ ಯಾಕ್ರೀ ಯೋಗ? ಕಸ ಗುಡಿಸೋದು, ನೆಲ ಒರೆಸೋದು, ಬಟ್ಟೆ ಒಗೆಯೋದು, ಎಲ್ಲಾ ಯೋಗವೇ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. ಮದುವೆಯಾದಾಗಿನಿಂದ ಗುಡಿಸಿ, ರುಬ್ಬಿ, ಒಗೆದೇ ಅಲ್ಲವೇ ಈ ಮಂಡಿ ಹೀಗಾಗಿರುವುದು? ಅದೇ ಯೋಗವಾಗಿದ್ದರೆ ನಮ್ಮತ್ತೆ ಇಷ್ಟು ಹೊತ್ತಿಗೆ ಬಿಲ್ಲಿನ ಹಾಗೆ ಬಾಗಬೇಕಿತ್ತಲ್ಲ?

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು: "ಅಷ್ಟು ಒಳ್ಳೇದಾದ್ರೆ ನೀವ್ಯಾಕೆ ಇಲ್ಲಿಗೆ ಬರ್ತೀರಿ? ಮನೇಲೇ ಕಸ ಗುಡಿಸ್ಬೋದಲ್ಲ?"

ಕಾರ್ಯದರ್ಶಿಗೆ ನಗು ಬರಲಿಲ್ಲ. "ಹೆಂಗಸರು ಬಂದ್ರೆ ಗಂಡಸರಿಗೆ ಮುಜುಗರ. ಬೇಕಾದ್ರೆ ನಿಮ್ಮೆಜಮಾನ್ರನ್ನೇ ಕೇಳಿ" ಎಂದು ಒಳಗೆ ಕೈ ತೋರಿಸಿದರು.

ಮಾವ ಎರಡನೇ ಸಾಲಿನಲ್ಲಿದ್ದರು. ನಮ್ಮನ್ನು ನೋಡಿದರು. ಮೆಲ್ಲಗೆ ಕೂತು, ಕಣ್ಣು ಮುಚ್ಚಿ ಧ್ಯಾನ ಶುರುಮಾಡಿಬಿಟ್ಟರು! (ಆಗ ಅಲ್ಲಿ ಧ್ಯಾನ ನಡೆಯುತ್ತಿರಲಿಲ್ಲ. ಉಳಿದವರೆಲ್ಲ ಒಂಟಿ ಕಾಲಲ್ಲಿ ನಿಂತಿದ್ದರು.)

ಅತ್ತೆ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ತಾವೂ ಒಂದು ಕಾಲು ಎತ್ತಿದರು. ಮೈ ನಡುಗಿತು. ನಾನು ಕೈ ಚಾಚಿದರೆ, "ಬಿಡಮ್ಮಾ, ಬೀಳೋದಾದ್ರೆ ಇವ್ರೆದುರೇ ಬೀಳ್ತೀನಿ" ಎಂದರು.

ಬೀಳಲಿಲ್ಲ.

ಮನೆಗೆ ಬಂದ ಮಾವ ಪೇಪರ್ ಮರೆಯಿಂದಲೇ ಗೊಣಗಿದರು: "ಅಷ್ಟು ಜನರ ಮುಂದೆ ನಾನೇನ್ ಹೇಳ್ಬೇಕಿತ್ತು?" ಅತ್ತೆ ಉತ್ತರ ಕೊಡಲಿಲ್ಲ. ಕಾಫಿಯನ್ನೂ ಕೊಡಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯ ನೂರ್ ಆಪಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದರು. "ನನ್ ಕಮರ್ ಕೂಡ ಹಿಡ್ಕೊಂಡೈತೆ. ಚಲೋ, ನಾನೂ ಬರ್ತೀನಿ." ಈಗ ಇಬ್ಬರೂ ಹಾಲ್‌ನ ಜಗುಲಿಯಲ್ಲಿ ನಿಂತು, ಒಳಗೆ ಮೇಷ್ಟ್ರು ಹೇಳಿದ್ದನ್ನೆಲ್ಲ ಮಾಡುತ್ತಾರೆ. (ಅತ್ತೆಯ ಪಾಲಿನ ಬೆಳಗಿನ ನಲ್ಲಿ ನೀರು ಹಿಡಿಯುವ ಕೆಲಸ ಈಗ ನಮ್ಮ ಯಜಮಾನರಿಗೆ. ಅವರಿಗೂ ಅದು ಯೋಗವೇ ಇರಬೇಕು!)

ಇವತ್ತು ಕಾರ್ಯದರ್ಶಿ "ಗಾಳಿ ಬರುತ್ತೆ" ಎಂದು ಬಾಗಿಲು ಹಾಕಿಸಿದರು. ಅತ್ತೆ ಕಿಟಕಿಗೆ ಬಂದರು. ಒಳಗೆ ಮಾವ ಗೋಡೆಗೊರಗಿ ಶೀರ್ಷಾಸನ ಹಾಕಿದ್ದರು. ಸುತ್ತ ಚಪ್ಪಾಳೆ.

ಈ ವಯಸ್ಸಿನಲ್ಲಿ ತಲೆಕೆಳಗಾಗಿ ನಿಲ್ಲಲು ಕಲಿತ ಗಂಡಸಿಗೆ, ಹೆಂಡತಿಯ ಪರವಾಗಿ ನಿಲ್ಲುವುದನ್ನು ಯಾವ ಮೇಷ್ಟ್ರು ಕಲಿಸಬೇಕು?