ಕಂಪ್ಯೂಟರಿನ ಮಡಿ

“ಮುಟ್ಟಬ್ಯಾಡ್ರಿ! ಕೈಯಾಗಿನ ಧೂಳ ಹೊಕ್ಕು ವೈರಸ್ ಬರತೈತಿ!” ಎಂದು ಕಂಪ್ಯೂಟರ್ ಕ್ಲಾಸಿನ ಸರ್ ಕೂಗಿದಾಗ ನಾನು ಮುಟ್ಟಿದ್ದು ಅದರ ಹೊದಿಕೆಯನ್ನಷ್ಟೇ. ತೊಂಬತ್ತರ ದಶಕದ ಕೊನೆ. ಗೋಕಾಕಕ್ಕೆ ಕಂಪ್ಯೂಟರ್ ಯುಗ ಆಗಮಿಸಿತ್ತು, ಮಖಮಲ್ಲಿನ ಮುಸುಕು ಹೊದ್ದು. ಅದಕ್ಕೆ ಎ.ಸಿ. ಕೋಣೆ, ನಾವು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ಫೀ ಕಟ್ಟಿದ ನಮಗೆ ಕಲಿಯಲು ರಟ್ಟಿನ ಮೇಲೆ ಬರೆದ ಕೀಬೋರ್ಡ್. ಶನಿವಾರ ಮಾತ್ರ ದೂರದಿಂದ ದರ್ಶನ.

ಆ ಶನಿವಾರ ದಡ್ಡಿ ಎಂಬ ಹಳ್ಳಿಯಿಂದ ಬಂದಿದ್ದ ನಮ್ಮ ಆಯಿ, ಮೊಮ್ಮಗ ಕಲಿಯುವ ಯಂತ್ರ ನೋಡಬೇಕೆಂದು ಜೊತೆಗೆ ಬಂದಿದ್ದಳು. ಕಾಲು ತೊಳೆದು, ಸೆರಗು ಹೊದ್ದು, ಕೈಮುಗಿದು ನಿಂತವಳು ಸರ್ ಕಡೆ ತಿರುಗಿ ತಣ್ಣಗೆ ಕೇಳಿದಳು:

“ಅಲ್ರಿ ಮಾಸ್ತರ, ನಮ್ಮ ಬಸದ್ಯಾಗ ಮಡಿ ಉಟ್ಟರ ದೇವರನ್ನೂ ಮುಟ್ಟಾಕ ಬಿಡ್ತಾರ. ಇದನ್ನ ಮುಟ್ಟಾಕ ನಮ್ಮ ಹುಡುಗ ಏನ ಉಡಬೇಕ್ರಿ?”

ಸರ್ ಮುಸುಕಿನ ಸುಕ್ಕು ಸರಿಪಡಿಸಿದರು.

ಕೋರ್ಸ್ ಮುಗಿದು ಫಸ್ಟ್ ಕ್ಲಾಸ್ ಸರ್ಟಿಫಿಕೇಟೂ ಬಂತು. ಈಗ ಆಫೀಸಿನಲ್ಲಿ ಕಂಪ್ಯೂಟರ್ ನನ್ನ ಮೇಜಿನ ಮೇಲೆಯೇ ಇದೆ. ಪಕ್ಕದವರು ಅದರ ನೆತ್ತಿಯ ಮೇಲೆ ಚಹಾದ ಕಪ್ಪು ಇಡುತ್ತಾರೆ. ನಾನು ಮಾತ್ರ ಅದರ ಮುಂದೆ ಕೂತ ಕೂಡಲೇ ಚಪ್ಪಲಿ ಕಳಚುತ್ತೇನೆ. ಆ ಕೋರ್ಸಿನಲ್ಲಿ ನನಗೆ ಪ್ರಾಕ್ಟಿಕಲ್ ಆಗಿದ್ದು ಅದೊಂದೇ.