ಬಾಯಿ ಸಿಹಿ ಮಾಡ್ಕೊಳ್ಳದ ಬಳಿಗಾರ್ತಿ

ಕಾರಟಗಿಯ ಓಣಿ ಓಣಿ ತಿರುಗಿ ಬಳಿ ಇಡೋ ಮುಮ್ತಾಜಬೇಗಂಗ ಈಗೀಗ ಮೂಗಿನ ತುದಿಯಾಗ ಸಿಟ್ಟು. ಬಾಗಲದಾಗ "ಬಳೀ..." ಅಂತ ಕೂಗೂದ ತಡ, ಒಳಗಿಂದ ಚಾ ಬರ್ತೈತಿ. ಚಾ ಅಲ್ಲರೀ ಅದು, ಬರೇ ಪಾಕ! ಬ್ಯಾಡ ಅಂದ್ರ "ಯಾಕ, ನಮ್ಮ ಮನಿ ಚಾ ಸೇರೂದಿಲ್ಲೇನು?" ಅಂತ ಮಾರಿ ಗಂಟ ಹಾಕ್ತಾರ. ಮದುವಿ, ಬಸುರಿಗೆ ಕುಬಸ ಇದ್ದ ಮನ್ಯಾಗಂತೂ ಕಥಿ ಮುಗೀತು. ಬಳಿ ಇಟ್ಟಾಕಿ ಬಾಯಿ ಸಿಹಿ ಮಾಡ್ಕೊಳ್ಳದ ಎದ್ದ್ರ ಅಪಶಕುನ ಅಂತ! ಹಿಂಗ ನುಂಗಿದ ಉಂಡಿ, ಹೋಳಿಗಿಗೆ ಲೆಕ್ಕಾನ ಇಲ್ಲ.

ಹೋದ ಬ್ಯಾಸಗ್ಯಾಗ ಕಣ್ಣಿಗೆ ಕತ್ತಲಿ ಬಂದು ಕೊಪ್ಪಳದ ದವಾಖಾನಿಗೆ ಹೋದ್ಲು. ರಕ್ತ ತಪಾಸ ಮಾಡಿಸಿ ಡಾಕ್ಟರಮ್ಮ ಹೇಳಿದ್ರು: "ಸಕ್ರಿ ಬ್ಯಾನಿ ಇನ್ನೂ ಒಳಗ ಬಂದಿಲ್ಲ, ಹೊಸ್ತಿಲ ಮ್ಯಾಲೆ ನಿಂತೈತಿ. ಹೊಟ್ಟಿ ಹಿಂದ ಇನ್ಸುಲಿನ್ ಮಾಡೋ ಸಣ್ಣ ಸಣ್ಣ ಜೀವಕೋಶ ಅದಾವ. ನೀವು ತಿಂದದ್ದಕ್ಕೆಲ್ಲ ಅವು ದುಡೀಬೇಕು. ದುಡದು ದುಡದು ಸೋತಾವ. ಉಳದಾವನ್ನರೆ ಕಾಯ್ಕೊಳ್ರಿ. ಸಿಹಿ ಬಿಡ್ರಿ, ತೂಕ ಇಳಸ್ರಿ, ನಡೀರಿ."

"ದಿನಾ ಊರೆಲ್ಲ ನಡೀತೀನಲ್ಲರೀ!"

"ನಡೀತೀರಿ, ಮನಿಗೊಂದು ಚಾನೂ ಕುಡೀತೀರಿ."

ಮುಮ್ತಾಜಬೇಗಂಗ ನಗು ಬರಲಿಲ್ಲ. ಆಕಿ ತಾಯಿ ಕಾಸೀಮಬೀದೂ ಇದೇ ಕಸಬು. ಸಕ್ರಿ ಬ್ಯಾನಿ ಬಂದು ಬೆರಳು ಜೋಮು ಹಿಡದು, ಬಳಿ ಇಡಾಕ ಹಿಡದ ಕೈಯ ಎಲುಬು ತಿಳೀದಂಗಾಗಿ, ಒಬ್ಬ ಮದುಮಗಳ ಮುಂಗೈಯಾಗ ಬಳಿ ಒಡದು ರಕ್ತ ಚಿಮ್ಮಿತ್ತು. ಬಾಯಾಗ ಹೋಳಿಗಿ ತುರುಕಿದ್ದ ಮಂದೀನೇ ಆಕೀನ್ನ ಬಾಗಲದಿಂದ ಹೊರಗ ಹಾಕಿದ್ರು. ಬೆರಳು ಹೋದ್ರ ಅನ್ನ ಹೋತು. ಅದಕ್ಕ ಮುಮ್ತಾಜಬೇಗಂ ಡಾಕ್ಟರಮ್ಮ ಹೇಳಿದ ದಿನಾನ ಸಿಹಿ ಬಿಟ್ಟಳು.

ಇಂಥಾದ್ರಾಗ ಗಿರಣಿ ಓಣಿಯ ರೇಣುಕಮ್ಮನ ಮನಿಯಿಂದ ಕರೆ ಬಂತು. ಸೊಸಿ ಸುನಿತಾಗ ಕುಬಸ. ಹಸಿರು ಸೀರಿ ಉಟ್ಟು ಕುಂತ ಬಸುರಿ ಹುಡುಗಿಗೆ ಹೆಣ್ಮಕ್ಕಳು ಸಾಲು ಹಚ್ಚಿ ತಿನಸಾಕತ್ತಿದ್ರು. ಕರ್ಚಿಕಾಯಿ ಆತು, ಉಂಡಿ ಆತು, ಮಾದಲಿ ಆತು. ಬಳಿ ಏರಸಾಕ ಮುಮ್ತಾಜಬೇಗಂ ಕೈ ಹಿಡದ್ರ, ಹುಡುಗಿ ಕಣ್ಣಾಗ ನೀರು.

"ಮುಮ್ತಾಜಕ್ಕ, ಬಸುರಾಗ ಸಕ್ರಿ ಏರೇತಂತ," ಅಂತ ಸುನಿತಾ ಪಿಸುಗುಟ್ಟಿದಳು. "ಡಾಕ್ಟರು ಸಿಹಿ ಮುಟ್ಟಬ್ಯಾಡ ಅಂದಾರ. ಹೇಳಿದ್ರ ಯಾರೂ ಕೇಳವಲ್ರು."

ಮುಮ್ತಾಜಬೇಗಂಗ ಸಿಟ್ಟು ನೆತ್ತಿಗೇರಿತು.

"ರೇಣುಕಕ್ಕ, ಸಾಕ್ ಮಾಡ್ರಿ! ಹುಡುಗಿಗೆ ಸಕ್ರಿ ಐತಂತ, ನಿಮಗ ಗೊತ್ತಿಲ್ಲೇನು?"

"ಬಸುರಿ ಬಾಯಿ ಕಟ್ಟಬಾರದವ್ವ. ನೀ ಬಳಿ ಇಟ್ಟು, ಬಾಯಿ ಸಿಹಿ ಮಾಡ್ಕೊಂಡು ಹೋಗು," ಅಂತ ರೇಣುಕಮ್ಮ ತಾಟು ಮುಂದ ಚಾಚಿದಳು.

"ನಾ ತಿನ್ನೂದಿಲ್ಲ! ಆಕೀಗೂ ತಿನಸಬ್ಯಾಡ್ರಿ!"

ರೇಣುಕಮ್ಮನ ಮಾರಿ ಕೆಂಪಗಾತು. "ಶುಭ ಕಾರ್ಯದಾಗ ಎಂಥ ಮಾತವ್ವ ಇದು? ನನಗೂ ಸಕ್ರಿ ಐತಿ, ಗುಳಿಗಿ ನುಂಗತೀನಿ. ನಾ ಸತ್ತೇನೇನು?"

"ಯಾ ಅಲ್ಲಾ! ಬ್ಯಾನಿ ಏನಂತ ಗೊತ್ತಿದ್ದೂ ತಿನಸ್ತೀರಲ್ಲ, ನಿಮಗ ಕರುಳ ಐತೇನ್ರಿ? ಇನ್ಸುಲಿನ್ ಮಾಡೋ ಜೀವಕೋಶ ಈಗ ಎರಡು ಜೀವದ ಸಲುವಾಗಿ ದುಡ್ಯಾಕತ್ತಾವ. ಅವನ್ನೂ ಕೊಂದು, ನಿಮ್ಮ ಗುಳಿಗಿ ಡಬ್ಬಿ ಆಕಿ ಉಡ್ಯಾಗ ಹಾಕಬೇಕಂತ ಮಾಡೀರೇನು?"

"ಏಳ ಮೊದಲು! ಇನ್ನ ಈ ಓಣ್ಯಾಗ ಕಾಲಿಟ್ಟಿ ಅಂದ್ರ ನೋಡು!"

ಮುಮ್ತಾಜಬೇಗಂ ಏಳಲಿಲ್ಲ. ಒಂದು ಬಳಿ ಒಡೀದಂಗ ಅಷ್ಟೂ ಏರಿಸಿ, ಆಮ್ಯಾಲೆ ಎದ್ದಳು. ಬಾಗಲದಾಗ ತಿರುಗಿ ನೋಡಿದ್ರ, ರೇಣುಕಮ್ಮ ಮತ್ತ ಉಂಡಿ ಹಿಡದು ಸೊಸಿ ಮುಂದ ನಿಂತಿದ್ಲು. ಸುನಿತಾ ತುಟಿ ಬಿಗಿದು ಕುಂತಿದ್ಲು.

ಆ ಓಣಿಯಿಂದ ಮತ್ತ ಕರೆ ಬಂದಿಲ್ಲ. ಬರದಿದ್ರ ಸುಡುಗಾಡಿಗೆ ಹೋಗ್ಲಿ ಅಂತಾಳ ಮುಮ್ತಾಜಬೇಗಂ. ಆದ್ರ ಆ ಹುಡುಗಿ ಉಂಡಿಗೆ ಬಾಯಿ ತೆರದಳೋ ಇಲ್ಲೋ, ಹಡದು ಹ್ಯಾಂಗದಾಳೋ, ಕೇಳಾಕ ಮುಮ್ತಾಜಬೇಗಂಗ ಆ ಓಣ್ಯಾಗ ಒಂದು ಬಾಗಲ ಉಳದಿಲ್ಲ. ಅದು ನೆನಪಾದಾಗೊಮ್ಮೆ ಹಲ್ಲು ಕಟಕಟ ಕಡೀತಾಳ.