ವಾಪಸ್ ಟಿಕೆಟ್ಟಿನ ತಾರೀಖು

ಹಳೇಬೀಡಿನ ಕಾಂಚನಮಾಲಾ ಅವರ ಮಗಳು ಜಿನಶ್ರೀ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಾಗ, ಜೊತೆಗೆ ಕೆಲಸ ಮಾಡುತ್ತಿದ್ದ ಫಿಲಿಪೀನ್ಸ್ ದೇಶದ ರೋಮೆಲ್‌ನನ್ನು ಮದುವೆಯಾದಳು. ಊರಲ್ಲಿ ನಾಲ್ಕು ದಿನ ಮಾತಾಯಿತು, ಆಮೇಲೆ ತಣ್ಣಗಾಯಿತು. ಅಳಿಯ ಈರುಳ್ಳಿಯಿಲ್ಲದ ಸಾರನ್ನು ಎರಡನೇ ಸಲ ಹಾಕಿಸಿಕೊಂಡದ್ದೇ ಕಾಂಚನಮಾಲಾಗೆ ಸಾಕಾಯಿತು. ಈಗ ಗಂಡ ಹೆಂಡತಿ ಮಸ್ಕತ್ ಬಿಟ್ಟು, ಅವನ ಊರಿನಲ್ಲಿ ನೆಲೆಸಲು ಹೊರಟಿದ್ದರು. ದಾರಿಯಲ್ಲಿ ಕೆಲವು ದಿನ ಹಳೇಬೀಡು.

ಅರಸೀಕೆರೆಯಲ್ಲಿ ಟಿಕೆಟ್ ಅಂಗಡಿ ಇಟ್ಟಿರುವ ಚನ್ನೇಶ್ ಇಬ್ಬರ ಪಾಸ್‌ಪೋರ್ಟನ್ನೂ ತಿರುವಿ ನೋಡಿದ.

"ಭಾವಂಗೆ ಹೋಗೋ ಟಿಕೆಟ್ ಒಂದೇ ಸಾಕು. ನಿಮ್ಗೆ ಅಲ್ಲಿಂದ ಹೊರಡೋದೂ ಬೇಕು ಅಕ್ಕ."

"ನಾನು ಇರೋಕೆ ಹೋಗ್ತಿರೋದು ಕಣೋ."

"ವಾಸದ ವೀಸಾ ಆಗೋವರ್ಗೂ ಆ ದೇಶಕ್ಕೆ ನೀವು ನೆಂಟ್ರೇ. ಗಂಡನ ಮನೆಗೆ ಹೋಗೋಕೆ ತವರಿಗೆ ಬತ್ತೀನಿ ಅಂತ ತೋರಿಸ್ಬೇಕು, ಇಲ್ದಿದ್ರೆ ವಿಮಾನ ಹತ್ಸಲ್ಲ. ನೀವು ಇಳಿದ ದಿನವೇ ನಾನು ರದ್ದು ಮಾಡ್ತೀನಿ ಬಿಡಿ. ಯಾವ ತಾರೀಖು ಹಾಕ್ಲಿ?"

"ಯಾವ್ದೋ ಒಂದು ಹಾಕು."

ಪೆಟ್ಟಿಗೆ ಕಟ್ಟುವಾಗ ಅಮ್ಮ ಆ ವಾಪಸ್ ಟಿಕೆಟ್ಟಿನ ಕಾಗದ ನೋಡಿದರು. ಇಂಗ್ಲಿಷ್ ಬಾರದಿದ್ದರೂ ಮಗಳ ಹೆಸರು, ಬೆಂಗಳೂರು, ತಾರೀಖು ಗುರುತಿಸಬಲ್ಲರು. "ಭಾದ್ರಪದಕ್ಕೇ ಬತ್ತೀಯಾ?" ಎಂದು ಕೇಳಿದಾಗ ಅವರ ಮುಖ ನೋಡಿ, ಇಲ್ಲ ಎನ್ನಲು ಜಿನಶ್ರೀಗೆ ಬಾಯಿ ಬರಲಿಲ್ಲ. ಹೂಂ ಅಂದುಬಿಟ್ಟಳು.

ರೋಮೆಲ್‌ನ ಊರು ತಲುಪಿದ ದಿನ ಚನ್ನೇಶನ ಸಂದೇಶ ಬಂತು, ಟಿಕೆಟ್ ರದ್ದಾಗಿದೆ ಎಂದು. ಸಂಜೆ ಅಮ್ಮನ ಫೋನು.

"ಬಸ್ತಿಹಳ್ಳಿ ಬಸದಿಗೆ ಹೋಗಿದ್ದೆ ಕಣೇ. ನೀನು ಬರೋವರ್ಗೂ ಉಪ್ಪು ಬಿಡ್ತೀನಿ ಅಂತ ಪಾರ್ಶ್ವನಾಥನ ಮುಂದೆ ನಿಯಮ ತಗೊಂಡೆ."

ಜೈನರಾದ ಅವರ ಮನೆಗಳಲ್ಲಿ ಬೆಲ್ಲ ಬಿಡುವುದು, ಹಾಲು ಬಿಡುವುದು ಹೊಸದಲ್ಲ. ದೇವರ ಮುಂದೆ ಆಡಿದ ಮೇಲೆ ಹಿಂತೆಗೆಯುವಂತಿಲ್ಲ, ಆದ್ದರಿಂದ ಜನ ಅಳೆದು ಸುರಿದು ತೆಗೆದುಕೊಳ್ಳುತ್ತಾರೆ. ಅಮ್ಮನೂ ಅಳೆದೇ ತೆಗೆದುಕೊಂಡಿದ್ದರು, ಅಚ್ಚಾದ ತಾರೀಖನ್ನು ನಂಬಿ.

ಅಣ್ಣ ಭರತೇಶ್ ಫೋನ್ ಕಸಿದುಕೊಂಡು ನಗುತ್ತಾ, "ನಿನ್ನ ಟಿಕೆಟ್ ದೆಸೆಯಿಂದ ನಮ್ಮನೇಲಿ ದಿನಾ ಎರಡು ಸಾರು ಕಣೇ" ಎಂದ.

ಹೊಸ ಟಿಕೆಟ್ ತೆಗೆಯೋಣ ಎಂದು ರೋಮೆಲ್ ಹೇಳಿದ. ಆದರೆ ವಾಸದ ವೀಸಾಗೆ ಅರ್ಜಿ ಕೊಟ್ಟಾಗ ಅವಳ ಪಾಸ್‌ಪೋರ್ಟ್ ಅಲ್ಲಿನ ವೀಸಾ ಕಚೇರಿಯಲ್ಲೇ ಉಳಿಯಿತು. ಯಾವಾಗ ಕೊಡುತ್ತೀರಿ ಎಂದರೆ ಯಾರೂ ದಿನ ಹೇಳಲಿಲ್ಲ.

ಅತ್ತೆಯ ಅಡುಗೆಮನೆಯಲ್ಲಿ ಕೈಗೆ ಉಪ್ಪು ತೆಗೆದುಕೊಂಡಾಗಲೆಲ್ಲ ಜಿನಶ್ರೀಗೆ ಬೆನ್ನ ಹಿಂದೆ ಅಮ್ಮ ಸಪ್ಪೆ ಉಣ್ಣುತ್ತಿರುವಂತಾಗುತ್ತಿತ್ತು. ಇನ್ನೊಂದು ಯೋಚನೆ ಅದಕ್ಕಿಂತ ಕಾಡಿತು. ಆ ಕಾಗದದಲ್ಲಿದ್ದ ಜಿನಶ್ರೀ ಬೇರೆಯೇ ಒಬ್ಬಳು, ಅವಳನ್ನು ಯಾರೂ ರದ್ದು ಮಾಡಿಲ್ಲ, ಆ ದಿನ ಅವಳು ಹೊರಟೇ ಹೊರಡುತ್ತಾಳೆ ಅನ್ನಿಸುತ್ತಿತ್ತು. ಹಳೇಬೀಡಿನಲ್ಲಿ ಎಲ್ಲರೂ ಕಾಯುತ್ತಿದ್ದುದು ಅವಳಿಗೇ.

ಭಾದ್ರಪದ ಹತ್ತಿರವಾದಾಗ ತಡೆಯಲಾರದೆ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಬೈಯಲಿಲ್ಲ, ಅಳಲಿಲ್ಲ.

"ಟಿಕೆಟ್ ಇಲ್ದಿದ್ರೇನು, ನಿಯಮ ಐತಲ್ಲ. ನೀನು ಬಂದಾಗ ಬಾ."

ಆ ತಾರೀಖೂ ಬಂತು. ರೋಮೆಲ್‌ನ ಊರಲ್ಲಿ ಆಗಲೇ ದೀಪ ಹಚ್ಚಿದ್ದರು. ಫೋನ್ ಮಾಡಿದರೆ ಹಿಂದೆ ಕಂಡಕ್ಟರ್ ಕೂಗು ಕೇಳಿತು.

"ಅಮ್ಮ, ಎಲ್ಲಿದೀಯಾ?"

"ಬಸ್ ಸ್ಟ್ಯಾಂಡಲ್ಲಿ."

"ನಾನು ಬರಲ್ಲ ಅಂತ ಹೇಳಿದ್ನಲ್ಲಮ್ಮ."

"ಹೇಳಿದ್ದೆ. ಅರಸೀಕೆರೆ ಬಸ್ ಬಂತು, ನೋಡ್ದೆ. ನಿನ್ನಂಗೇ ಒಬ್ಬಳು ಕೂತಿದ್ಲು. ನನ್ನ ಮುಖ ನೋಡಿದ್ಲು, ಇಳೀಲಿಲ್ಲ. ಬೇಲೂರಿಗೆ ಹೋದ್ಲು."

"ಮನೆಗೆ ಹೋಗಮ್ಮ. ಹೊತ್ತು ಮುಳುಗಿದ್ರೆ ಉಣ್ಣಲ್ಲ ನೀನು."

"ಇವತ್ತು ಹಂಗೇ ಇರ್ತೀನಿ," ಎಂದರು ಅಮ್ಮ. "ಇನ್ನೊಂದು ಬಸ್ ಐತೆ ಕಣೇ. ಅದನ್ನೂ ನೋಡ್ಕೊಂಡು ಹೋಗ್ತೀನಿ."